ಓದಿ ಹೇಳದೆ ಬಿಟ್ಟ ಪದ

ನನ್ನ ಟ್ರಂಕಿನ ತಳದಲ್ಲಿ ಒಂದು ಹಳೆಯ ನೋಟ್‌ಬುಕ್ಕಿದೆ. ರಟ್ಟು ಎಂದೋ ಉದುರಿಹೋಗಿದೆ, ಹಾಳೆಗಳನ್ನು ಗೆದ್ದಲು ಅಂಚಿನಿಂದ ತಿನ್ನುತ್ತ ಬಂದಿದೆ. ಆದರೆ ಒಂದು ಹಾಳೆ ಮಾತ್ರ ಹಾಗೇ ಉಳಿದಿದೆ. ಅದರಲ್ಲಿ ಹದಿನಾರು ವಯಸ್ಸಿನ ನನ್ನ ಅಕ್ಷರದಲ್ಲಿ ಸೇರದ್ದನ್ನು ಸೇರದು ಎನ್ನುವ ಏಳು ಇಂಗ್ಲಿಷ್ ಪದಗಳಿವೆ, ಒಂದರ ಕೆಳಗೊಂದು. ಡಿಸ್‌ಲೈಕ್, ಡಿಸ್‌ಅಪ್ರೂವ್, ಡಿಟೆಸ್ಟ್, ಡಿಸ್ಪೈಜ್, ಲೋದ್, ಅಬಾಮಿನೇಟ್, ಅಬಾರ್. ಬೆಳಗಾವಿಯ ಹೈಸ್ಕೂಲಿನಲ್ಲಿ ನಮ್ಮ ಇಂಗ್ಲಿಷ್ ಮಾಸ್ತರರು ಇವನ್ನು ಬಾವಿಯ ಮೆಟ್ಟಿಲಿನ ಹಾಗೆ ಬರೆಸಿದ್ದರು. ಬದನೆಕಾಯಿ ಪಲ್ಯೆ ಸೇರದವನು ಮೇಲಿನ ಮೆಟ್ಟಿಲಲ್ಲಿ ನಿಂತು ಮಾತಾಡಿದರೆ ಸಾಕು, ಕೆಳಗಿನ ಮೆಟ್ಟಿಲಿಗೆ ಇಳಿಯುವವನು ನೋಡಿಕೊಂಡು ಇಳಿಯಬೇಕು, ಅಲ್ಲಿ ನೀರು ಕಪ್ಪಗಿರುತ್ತದೆ ಎಂದು ಅವರು ಹೇಳಿದ್ದು ನೆನಪಿದೆ. ನಾವು ನಕ್ಕಿದ್ದೆವು.

ನನ್ನ ಹುಟ್ಟೂರು ಕಿತ್ತೂರು. ಮ್ಯಾಟ್ರಿಕ್ ಪರೀಕ್ಷೆಯಲ್ಲಿ ಲೆಕ್ಕದಲ್ಲಿ ಎರಡು ಸಲ ಫೇಲಾದೆ. ಸರಕಾರಿ ನೌಕರಿ ಸಿಗುವ ಹಾಗಿರಲಿಲ್ಲ. ಬೈಲಹೊಂಗಲಕ್ಕೆ ಬಂದು, ಮಾಮಲೇದಾರರ ಕಚೇರಿಯ ಎದುರಿನ ಒಂದು ಪಡಸಾಲೆಯಲ್ಲಿ ಚಾಪೆ ಹಾಸಿ, ಅರ್ಜಿ ಬರೆಯಲು ಕುಳಿತೆ. ಆಗ ನನಗೆ ಇಪ್ಪತ್ತೈದರ ಆಚೀಚೆ. ಆ ಸಾಲಿನಲ್ಲಿ ಮೋಡಿ ಲಿಪಿಯಲ್ಲಿ ಮರಾಠಿ ಬರೆಯುವವರಿದ್ದರು, ಕನ್ನಡದಲ್ಲಿ ಬರೆಯುವವರಿದ್ದರು. ಇಂಗ್ಲಿಷಿನಲ್ಲಿ ಬರೆಯುವವನು ನಾನೊಬ್ಬನೇ.

ನಮ್ಮ ಕೆಲಸಕ್ಕೆ ಒಂದು ರೀತಿಯಿತ್ತು. ಬಂದವರು ತಮ್ಮ ಮಾತಿನಲ್ಲಿ ಹೇಳುವರು, ನಾನು ಬರೆಯುವೆ. ಬರೆದು ಮುಗಿದ ಮೇಲೆ ಅದನ್ನು ಅವರಿಗೆ ಕನ್ನಡದಲ್ಲಿ ಓದಿ ಹೇಳಬೇಕು. ಅವರು ಹೂಂ ಎಂದ ಮೇಲೆಯೇ ಹೆಬ್ಬೆಟ್ಟು. ಹೆಬ್ಬೆಟ್ಟಿನ ಕೆಳಗೆ, ಅರ್ಜಿಯನ್ನು ಓದಿ ತಿಳಿಸಿದ್ದೇನೆ, ಕೇಳಿ ಒಪ್ಪಿರುತ್ತಾರೆ ಎಂದು ಬರೆದು ನಾನು ಸಹಿ ಮಾಡಬೇಕು. ಓದು ಬಾರದವರು ಆ ಒಂದು ಸಾಲನ್ನು ನಂಬಿ ಮನೆಗೆ ಹೋಗುತ್ತಿದ್ದರು. ಹೋಗುವ ಮೊದಲು ಬೆರಳಿನಲ್ಲಿ ಉಳಿದ ಮಸಿಯನ್ನು ನನ್ನ ಎಡಗಡೆಯ ಗೋಡೆಗೆ ಒರೆಸುತ್ತಿದ್ದರು. ಹಾಗಾಗಿ ಆ ಗೋಡೆ ಮೊಣಕಾಲೆತ್ತರದಿಂದ ಎದೆಯೆತ್ತರದ ತನಕ ಕಪ್ಪು ಚುಕ್ಕೆಗಳಿಂದ ತುಂಬಿತ್ತು.

ಮೊದಲ ವರ್ಷ ಒಬ್ಬ ರೈತ ಬಂದ. ನೆರೆಯವನ ದನ ತನ್ನ ಜೋಳಕ್ಕೆ ನುಗ್ಗುತ್ತವೆ ಎಂದು ಅವನ ತಕರಾರು. ದನ ನುಗ್ಗುತ್ತವೆ ಎಂದಷ್ಟೇ ಬರೆದರೆ ಯಾರು ಓದುತ್ತಾರೆ ಎಂದುಕೊಂಡು, ಅರ್ಜಿದಾರನು ಇಂಥ ನಡತೆಯನ್ನು ಡಿಟೆಸ್ಟ್ ಮಾಡುತ್ತಾನೆ ಎಂದು ಒಂದು ಸಾಲು ಸೇರಿಸಿದೆ. ಎಂಟು ದಿನದಲ್ಲಿ ನೆರೆಯವನಿಗೆ ತಾಕೀತು ಬಂತು. ಕಚೇರಿಯ ಕಾರಕೂನರೊಬ್ಬರು ಎಲೆಯಡಿಕೆ ಜಗಿಯುತ್ತ ನನ್ನ ಪಡಸಾಲೆಗೇ ಬಂದು ಹೇಳಿದರು.

"ಏನೋ ತಮ್ಮಾ, ನಿನ್ನ ಇಂಗ್ಲಿಷಿನಾಗ ಭಾರೀ ಖಾರ ಐತಲ್ಲ. ಸಾಹೇಬ ಎರಡ ಸಲ ಓದಿದ ನೋಡು."

ಆ ಮಾತು ನನ್ನ ತಲೆಗೇರಿತು. ಅಂದಿನಿಂದ ನೋಟ್‌ಬುಕ್ಕು ಟ್ರಂಕಿನಿಂದ ಪಡಸಾಲೆಗೆ ಬಂತು. ಯಾರು ಏನೇ ತಕರಾರು ತಂದರೂ ಆ ಹಾಳೆ ತೆಗೆದು, ಒಂದೊಂದು ಮೆಟ್ಟಿಲು ಕೆಳಗಿಳಿದು ಪದ ಆರಿಸುತ್ತಿದ್ದೆ. ಓದಿ ಹೇಳುವಾಗ ಮಾತ್ರ ಅವರು ಹೇಳಿದ ಮಾತನ್ನೇ ಅವರಿಗೆ ತಿರುಗಿ ಹೇಳಿಬಿಡುತ್ತಿದ್ದೆ. ಅವರಿಗೆ ಸಮಾಧಾನ, ನನಗೆ ಹೆಸರು. ಖಾರದ ಅರ್ಜಿ ಎಂದರೆ ನಾನು ಎಂದು ಸವದತ್ತಿಯ ತನಕ ಸುದ್ದಿ ಹೋಯಿತು.

ಅಂಥ ದಿನಗಳಲ್ಲಿ, ದೀಪಾವಳಿ ಮುಗಿದ ಮೇಲೆ, ನಮ್ಮ ಓಣಿಯ ಒಬ್ಬ ಒಕ್ಕಲಿಗ ಯಜಮಾನರು ತಮ್ಮ ಮಗಳನ್ನು ಕರೆದುಕೊಂಡು ಬಂದರು. ಅವಳನ್ನು ರಾಮದುರ್ಗಕ್ಕೆ ಕೊಟ್ಟು ಎರಡು ವರ್ಷವಾಗಿತ್ತು. ಅವಳಿಗೆ ಹದಿನೆಂಟಿರಬಹುದು. ನನ್ನನ್ನು ಅಣ್ಣಾರ ಎಂದು ಕರೆಯುತ್ತಿದ್ದಳು.

ನಡೆದದ್ದು ಇಷ್ಟು. ಶ್ರಾವಣದ ಪಂಚಮಿಗೆ ಹೆಣ್ಣುಮಕ್ಕಳನ್ನು ತವರಿಗೆ ಕಳಿಸುವುದು ನಮ್ಮ ಕಡೆ ತಪ್ಪಿಸಲಾರದ ರೂಢಿ. ಅಣ್ಣನೋ ತಮ್ಮನೋ ಹೋಗಿ ಕರೆತರುತ್ತಾನೆ. ಆ ವರ್ಷ ಇವಳ ಅಣ್ಣ ರಾಮದುರ್ಗಕ್ಕೆ ಹೋದಾಗ ಅತ್ತೆ, ಹೊಲದಲ್ಲಿ ಕಳೆ ಬೆಳೆದಿದೆ, ಈಗ ಕಳಿಸಲಾಗುವುದಿಲ್ಲ ಎಂದು ಅವನನ್ನು ಬಾಗಿಲಿನಿಂದಲೇ ತಿರುಗಿಸಿದಳು. ಗಂಡ ಅಲ್ಲೇ ಕಟ್ಟೆಯ ಮೇಲಿದ್ದ, ಒಂದು ಮಾತೂ ಆಡಲಿಲ್ಲ. ಎರಡು ದಿನ ಬಿಟ್ಟು ಇವಳು ಮುನಿಸಿಕೊಂಡು, ಕಟಕೋಳದ ಕಡೆ ಹೊರಟಿದ್ದ ಯಾರದೋ ಚಕ್ಕಡಿ ಹತ್ತಿ, ಅಲ್ಲಿಂದ ಮುನವಳ್ಳಿಯ ಮೇಲೆ ಹಾಯ್ದು ತಾನೇ ತವರಿಗೆ ಬಂದುಬಿಟ್ಟಳು. ಹೀಗೆ ಮುನಿಸಿಕೊಂಡು ಬಂದವಳು ತಾನಾಗಿ ತಿರುಗಿ ಹೋಗುವಂತಿಲ್ಲ. ಗಂಡ ಬಂದು ಕರೆಯಬೇಕು. ಶ್ರಾವಣ ಹೋಯಿತು, ದಸರೆ ಹೋಯಿತು, ಅವನು ಬರಲಿಲ್ಲ. ರಾಮದುರ್ಗ ಬೇರೆ ಸಂಸ್ಥಾನ, ಅಲ್ಲಿ ನಮ್ಮ ಕಚೇರಿಯ ಮಾತು ನಡೆಯುತ್ತಿರಲಿಲ್ಲ. ಅಲ್ಲಿಯ ಕಚೇರಿಗೇ ಇಂಗ್ಲಿಷಿನಲ್ಲಿ ಬರೆದರೆ ಅಳಿಯನನ್ನು ಕರೆಸಿ ಬುದ್ಧಿ ಹೇಳುತ್ತಾರೆ ಎಂದು ಯಾರೋ ಯಜಮಾನರ ಕಿವಿಯಲ್ಲಿ ಹಾಕಿದ್ದರು.

"ಜೋರ್ ಬರಿ ತಮ್ಮಾ," ಎಂದರು ಯಜಮಾನರು. "ಓದಿದ ಕೂಡ್ಲೆ ಎದ್ದು ಓಡಿ ಬರಬೇಕು ಅಂವಾ."

"ನಿನಗೇನು ಅನಸತೈತಿ ಅದನ್ನ ಹೇಳವ್ವಾ," ಎಂದೆ ಮಗಳಿಗೆ.

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ಸಿಟ್ಟೈತ್ರಿ. ಅಣ್ಣ ಬಿಸಲಾಗ ಅಷ್ಟ ದೂರ ಬಂದಿದ್ದ. ಒಂದು ತಂಬಿಗಿ ನೀರ ಕುಡೀರಿ ಅಂತರ ಅನಬೇಕಿಲ್ರಿ? ಬಾಯಾಗ ಹಿಟ್ಟ ತುಂಬಿದವರಂಗ ಕುಂತ್ರು."

"ಮುಂದ?"

"ಮುಂದೇನ್ರಿ. ಬಂದು ಕರದರ ಹೋಗತೇನಿ." ತಂದೆಗೆ ಕೇಳದ ಹಾಗೆ ದನಿ ತಗ್ಗಿಸಿದಳು. "ಭಾಳ ಜೋರ್ ಬ್ಯಾಡ್ರಿ ಅಣ್ಣಾರ. ಮನಸಿಗೆ ಹಚ್ಚಿಕೊಳ್ಳೂ ಮನಷ್ಯಾ. ಸಿಟ್ಟಾಗ್ಯಾಳ ಅಂತ ಗೊತ್ತಾದ್ರ ಸಾಕು."

ಅವಳ ಈ ಮಾತು ನನಗೆ ಸ್ಪಷ್ಟವಾಗಿ ಕೇಳಿಸಿತ್ತು. ಕೇಳಿಸಲಿಲ್ಲ ಎಂದು ಬರೆದುಕೊಂಡರೆ ಇಂದು ಕೂಡ ನನಗೆ ಸುಲಭವಾಗುತ್ತದೆ, ಆದರೆ ಅದು ಸುಳ್ಳು. ಅವಳ ಸಿಟ್ಟಿಗೆ ಮೊದಲ ಮೆಟ್ಟಿಲಿನ ಪದವೂ ಹೆಚ್ಚೇ ಆಗುತ್ತಿತ್ತು. ನನಗೆ ಆ ಹೊತ್ತು ಕಣ್ಣ ಮುಂದಿದ್ದದ್ದು ರಾಮದುರ್ಗದ ಕಚೇರಿ. ಅಲ್ಲಿಯವರು ನನ್ನ ಇಂಗ್ಲಿಷನ್ನು ಮೊದಲ ಸಲ ಓದುವರು. ಅಬಾರ್ ಎಂಬ ಪದವನ್ನು ಅಷ್ಟು ವರ್ಷದಲ್ಲಿ ಒಮ್ಮೆಯೂ ಬಳಸುವ ಅವಕಾಶ ನನಗೆ ಸಿಕ್ಕಿರಲಿಲ್ಲ. ಅರ್ಜಿದಾರಳು ತನ್ನ ಗಂಡನ ನಡತೆಯನ್ನು ಲೋದ್ ಮಾಡುತ್ತಾಳೆ, ಅವನನ್ನು ಅಬಾರ್ ಮಾಡುತ್ತಾಳೆ ಎಂದು ಬರೆದೆ. ಕೊನೆಯಲ್ಲಿ, ಅವನು ಬಂದು ಕರೆದುಕೊಂಡು ಹೋಗುವಂತೆ ಅಪ್ಪಣೆಯಾಗಬೇಕು ಎಂದು ಸೇರಿಸಿದೆ. ಬರೆದ ಸಾಲನ್ನು ಮನಸ್ಸಿನಲ್ಲೇ ಓದಿಕೊಂಡಾಗ ಮೈ ಜುಮ್ಮೆಂದಿತು. ಅದು ಹೆಮ್ಮೆಯ ಜುಮ್ಮು.

ಆಮೇಲೆ ಹಾಳೆಯನ್ನು ಮುಖದ ಮುಂದೆ ಹಿಡಿದು ಗಟ್ಟಿಯಾಗಿ ಕನ್ನಡದಲ್ಲಿ ಓದಿದೆ. "ನನ್ನ ಅಣ್ಣನನ್ನು ಬಾಗಿಲಿನಿಂದ ತಿರುಗಿಸಿದ್ದಕ್ಕೆ ನನಗೆ ಸಿಟ್ಟು ಬಂದಿದೆ. ನನ್ನ ಗಂಡ ಬಂದು ಕರೆದರೆ ಸಂತೋಷದಿಂದ ಹೋಗುತ್ತೇನೆ."

"ಸಂತೋಷ ಅಂತ ನಾ ಅಂದಿಲ್ರಿ," ಎಂದು ಅವಳು ನಕ್ಕಳು. ನಕ್ಕು, "ಇರ್ಲಿ ಬಿಡ್ರಿ, ಚಲೋ ಆಗೇತಿ," ಎಂದಳು. ಹೆಬ್ಬೆಟ್ಟು ಒತ್ತಿದಳು. ಎದ್ದು ನಿಲ್ಲದೆ ಕುಳಿತಲ್ಲಿಂದಲೇ ಮಸಿ ಒರೆಸಿದ್ದರಿಂದ ಅವಳ ಗುರುತು ಬೇರೆಲ್ಲರ ಗುರುತಿಗಿಂತ ಕೆಳಗೆ ಬಿತ್ತು. ನಾನು, ಓದಿ ತಿಳಿಸಿದ್ದೇನೆ ಎಂದು ಬರೆದು ಸಹಿ ಮಾಡಿದೆ.

ಒಂದು ತಿಂಗಳ ಮೇಲಾಗಿತ್ತು. ಎಳ್ಳಮಾವಾಸ್ಯೆ ಹತ್ತಿರ ಬಂದಿತ್ತು. ಬೆಳಗ್ಗೆ ಎಳೆಬಿಸಿಲಿನಲ್ಲಿ ಕಚೇರಿಯ ಬೇವಿನ ಗಿಡದ ಕೆಳಗೆ ಒಂದು ಚಕ್ಕಡಿ ಬಂದು ನಿಂತಿತು. ಬಿಸಿಲಿಗೆ ಮರೆಯಾಗಿ ಮೇಲೆ ಕಮಾನು ಕಟ್ಟಿದ ಚಕ್ಕಡಿ. ಒಳಗೆ ಹುಲ್ಲು ಹರಡಿ ಅದರ ಮೇಲೆ ಕೆಂಪು ಹಸಿರು ಬಟ್ಟೆಯ ತುಂಡು ಸೇರಿಸಿ ಹೊಲಿದ ಹೊಸ ಕೌದಿ ಹಾಸಿತ್ತು. ಗಂಡಸು ಒಬ್ಬನೇ ತಿರುಗಾಡುವುದಾದರೆ ಕಮಾನು ಕಟ್ಟುವುದಿಲ್ಲ, ಕೌದಿಯನ್ನೂ ಹಾಸುವುದಿಲ್ಲ. ಯಾರನ್ನೋ ಕರೆದೊಯ್ಯಲು ಬಂದಿದ್ದಾನೆ ಎಂದು ನೋಡಿದವರಿಗೆ ತಿಳಿಯುತ್ತಿತ್ತು. ಇಳಿದು ಬಂದವನು ತೆಳ್ಳಗಿನ ಯುವಕ, ಮುಖದ ಮೇಲೆ ದಾರಿಯ ಧೂಳು. ನನ್ನ ಚಾಪೆಯ ಅಂಚಿಗೆ ಬಂದು ನಿಂತ.

"ರಾಮದುರ್ಗದ ಕಚೇರಿಗೆ ಅರ್ಜಿ ಬರದವರು ನೀವ ಏನ್ರಿ ಮಾಸ್ತರ?"

"ಹೌದು. ಕುಂದರ್ರಿ."

ಅವನು ಕುಳಿತುಕೊಳ್ಳಲಿಲ್ಲ. ರುಮಾಲಿನ ಮಡಿಕೆಯಿಂದ ಒಂದು ಚೀಟಿ ತೆಗೆದು ನನ್ನ ಮುಂದಿಟ್ಟ. ಅದರಲ್ಲಿ ಕನ್ನಡ ಅಕ್ಷರಗಳಲ್ಲಿ ಅಬಾರ್ ಎಂದು ಬರೆದಿತ್ತು. ಮಡಚಿ ಬಿಚ್ಚಿ, ಮಡಚಿ ಬಿಚ್ಚಿ, ಚೀಟಿ ನಡುವೆ ಹರಿಯುವಂತಾಗಿತ್ತು.

"ನಮ್ಮ ಕಾರಕೂನರು ಓದಿ ಹೇಳಿದ್ರು. ಇದೊಂದು ಮಾತು ಬರದು ಕೊಡ್ರಿ ಅಂತ ಇಸ್ಕೊಂಡೆ. ಇದಕ್ಕ ನಮ್ಮ ಮಾತಿನಾಗ ಏನಂತಾರ್ರಿ?"

"ಅವರು ಹೇಳಿಲ್ಲೇನು?"

"ಹೇಳ್ಯಾರ. ಮುನವಳ್ಳಿ ಒಳಗೂ ಒಬ್ಬರನ್ನ ಕೇಳಿದೆ. ಅವರೂ ಅದನ್ನ ಹೇಳಿದ್ರು. ಬರದವರ ಬಾಯಿಲೆ ಒಮ್ಮೆ ಕೇಳೂಣು ಅಂತ ಬಂದೆ."

ಅಂದು ನನ್ನ ಪಡಸಾಲೆಯಲ್ಲಿ ಬೇರೆ ಹಳ್ಳಿಯ ನಾಲ್ಕೈದು ಜನ ಸರದಿಗೆ ಕಾಯುತ್ತಿದ್ದರು. ನನ್ನ ಖಾರವನ್ನು ಹೊಗಳಿದ್ದ ಆ ಕಾರಕೂನರೂ ಗೋಡೆಗೊರಗಿ ಕುಳಿತಿದ್ದರು. ಅವರು ಚೀಟಿಯ ಮೇಲೆ ಬಾಗಿ ನೋಡಿ ನಕ್ಕರು.

"ಅಬಾರ್ ಅಂದ್ರ ಹೇಸೂದಪಾ. ಮನ್ಯಾಗ ಹೆಗ್ಗಣ ಸತ್ತು ನಾರಿದ್ರ ಮೂಗ ಹಿಡಕೊಂಡು ಹೇಸತೇವಲ್ಲ, ಹಂಗ. ಯಾರಿಗೆ ಬರದಾರ, ನಿನಗೇನು?"

ಕುಳಿತವರು ನಕ್ಕರು. ಅವನು ಕಾರಕೂನರ ಕಡೆ ತಿರುಗಲೇ ಇಲ್ಲ. ನನ್ನನ್ನೇ ನೋಡುತ್ತಿದ್ದ.

"ಅಕಿ ಹಿಂಗ ಅಂದ್ಳೇನ್ರಿ ಮಾಸ್ತರ? ಕಡೀಕ ಬಂದು ಕರಕೊಂಡು ಹೋಗು ಅಂತನೂ ಬರದೈತಂತ. ಹೇಸಾಕಿ ಯಾಕ ಕರೀ ಅಂತಾಳ? ಇದು ನನಗ ತಿಳಿಯವಲ್ದು."

ಅವನು ಕೇಳುತ್ತಿದ್ದದ್ದು ಒಂದೇ ಮಾತು. ಇಲ್ಲಪ್ಪಾ, ಅವಳು ಹಾಗೆ ಅನ್ನಲಿಲ್ಲ, ಅದು ನನ್ನ ಪದ ಎಂದು ನಾನು ಹೇಳಿದ್ದರೆ ಅವನು ಒಂದು ತಿರುವು ದಾಟಿ, ಗಾಣದ ಹಿಂದಿನ ಅವಳ ತವರುಮನೆಯ ಮುಂದೆ ಚಕ್ಕಡಿ ನಿಲ್ಲಿಸುತ್ತಿದ್ದ. ಆದರೆ ಹಾಗೆಂದರೆ, ಓದಿ ತಿಳಿಸಿದ್ದೇನೆ ಎಂಬ ನನ್ನ ಸಹಿ ಸುಳ್ಳೆಂದು ಕಾರಕೂನರ ಎದುರಿಗೇ ಒಪ್ಪಿಕೊಂಡಂತೆ. ನಾಳೆ ಆ ಚಾಪೆಯ ಮೇಲೆ ನಾನು ಇರುತ್ತಿರಲಿಲ್ಲ. ಲೆಕ್ಕಣಿಕೆಯನ್ನು ಮಸಿಯಲ್ಲಿ ಅದ್ದಿದೆ, ಏನೂ ಬರೆಯುವುದಿಲ್ಲದಿದ್ದರೂ.

"ಓದಿ ಹೇಳೇನಿ. ಕೇಳಿ ಹೆಬ್ಬಟ್ಟ ಒತ್ಯಾಳ. ಕೆಳಗ ಹಂಗಂತ ಬರದೈತಿ."

ಅವನು ಚೀಟಿ ಎತ್ತಿಕೊಂಡು ಮೊದಲಿನ ಮಡಿಕೆಗಳ ಮೇಲೆಯೇ ಮಡಚಿದ.

"ಹಂಗಾರ ಆತು ಬಿಡ್ರಿ," ಎಂದ.

ಗಿಡದ ಕೆಳಗೆ ಹೋಗಿ, ಚಕ್ಕಡಿಯೊಳಗೆ ಬಾಗಿ, ಕೌದಿಯನ್ನು ಸುರುಳಿ ಸುತ್ತಿ ಮೂಲೆಗಿಟ್ಟ. ಎತ್ತುಗಳನ್ನು ಬಂದ ದಾರಿಗೇ ತಿರುಗಿಸಿದ. ಚಕ್ಕಡಿ ಎಷ್ಟು ನಿಧಾನವಾಗಿ ಹೋಗುತ್ತದೆ ಎಂಬುದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಊರ ಅಗಸಿ ಬಾಗಿಲು ದಾಟುವ ತನಕ ಅದರ ಅಚ್ಚಿನ ಸದ್ದು ನನ್ನ ಕಿವಿಗೆ ಬೀಳುತ್ತಿತ್ತು. ಎದ್ದು ನಡೆದುಕೊಂಡು ಹೋಗಿದ್ದರೂ ಹಿಡಿಯಬಹುದಿತ್ತು. ನಾನು ಮುಂದಿನವನ ಅರ್ಜಿಗೆ ತಲೆಬರಹ ಬರೆಯುತ್ತಿದ್ದೆ.

ಅವನು ಯಾರ ಮನೆಯ ಅಳಿಯ ಎಂದು ಅಲ್ಲಿದ್ದ ಯಾರಿಗೂ ತಿಳಿಯಲಿಲ್ಲ. ಕಾರಕೂನರಿಗೆ ಮರುವರ್ಷ ವರ್ಗವಾಯಿತು. ಅವಳು ಮಾತ್ರ ನೀರು ತರಲು ಹೋಗುವಾಗ ಕೊಡ ಇಳಿಸಿ ಕೇಳುತ್ತಿದ್ದಳು.

"ಏನರ ಸುದ್ದಿ ಬಂತೇನ್ರಿ ಅಣ್ಣಾರ?"

"ಇಲ್ಲವಾ, ಇನ್ನೂ ಬಂದಿಲ್ಲ."

ಯುಗಾದಿಯ ಹೊತ್ತಿಗೆ ರಾಮದುರ್ಗದಿಂದ ಸೀರೆ ಮಾರಲು ಬಂದವನೊಬ್ಬ ಸುದ್ದಿ ತಂದ. ಅವಳ ಗಂಡ ಬೇರೆ ಮದುವೆ ಮಾಡಿಕೊಂಡಿದ್ದ. ಆಮೇಲೆ ಅವಳು ಕೇಳುವುದನ್ನು ಬಿಟ್ಟಳು. ನಮ್ಮಲ್ಲಿ ಅಂಥವರಿಗೆ ಮತ್ತೆ ಮದುವೆ ಮಾಡುವ ರೂಢಿಯಿದೆ, ತಂದೆ ಕೇಳಿಯೂ ನೋಡಿದರು. ಅವಳು ಒಪ್ಪಲಿಲ್ಲ. ಅಣ್ಣನ ಮನೆಯಲ್ಲಿ ಉಳಿದಳು, ಹೊಲಕ್ಕೆ ಹೋದಳು, ಅಣ್ಣನ ಮಕ್ಕಳನ್ನು ಸಾಕಿದಳು. ಪ್ರತಿ ಪಂಚಮಿಗೆ ಓಣಿಯ ಹೆಣ್ಣುಮಕ್ಕಳು ತವರಿಗೆ ಬಂದಾಗ ಅವರಿಗೆ ಜೋಕಾಲಿ ಕಟ್ಟಿಕೊಡುವವಳು ಅವಳೇ. ತಾನು ಒಮ್ಮೆಯೂ ಕೂರುತ್ತಿರಲಿಲ್ಲ. ಸಂಜೆಗೆ ಒಂದು ತಾಟಿನಲ್ಲಿ ಎಳ್ಳಿನ ಉಂಡಿ, ಶೇಂಗಾದ ಉಂಡಿ ಇಟ್ಟುಕೊಂಡು ನನ್ನ ಮನೆಗೆ ಬರುತ್ತಿದ್ದಳು, ಅಣ್ಣನಿಗೆ ಎಂದು. ನಾನು ತಿನ್ನುತ್ತಿದ್ದೆ. ತಿನ್ನದಿದ್ದರೆ ಯಾಕೆಂದು ಕೇಳಿಯಾಳು ಎಂಬ ಹೆದರಿಕೆ.

ಆ ಪದವನ್ನು ಮತ್ತೆ ನಾನು ಬರೆಯಲಿಲ್ಲ. ಆದರೆ ಅದು ನನ್ನನ್ನು ಬಿಡಲಿಲ್ಲ. ಎಣ್ಣೆಯಿಲ್ಲದ ಅಚ್ಚು ತಿರುಗುವಾಗ ಅದನ್ನೇ ಅಂದ ಹಾಗಾಗುತ್ತಿತ್ತು. ಜನಜಂಗುಳಿಯ ಸಂತೆಯಲ್ಲಿ, ಮಠದಲ್ಲಿ ಪ್ರವಚನ ಕೇಳುತ್ತ ಕುಳಿತಾಗ, ಮಗ್ಗುಲಲ್ಲಿ ಯಾರೋ ಬಾಗಿ ಚೀಟಿ ಮುಂದಿಟ್ಟಂತೆ ಆಗಿ ತಿರುಗಿ ನೋಡುತ್ತಿದ್ದೆ. ಹೆಂಡತಿ ಅದನ್ನು ನೋಡಿ, ಯಾರನ್ನ ಕಾಯಾಕ ಹತ್ತೀರಿ ಎಂದು ಕೇಳುತ್ತಿದ್ದಳು. ಪಡಸಾಲೆಯ ಗೋಡೆಗೆ ಸುಣ್ಣ ಬಳಿಸಿದೆ. ಬೇರೆ ಗುರುತುಗಳು ಮುಚ್ಚಿಹೋದವು. ಕೆಳಗಿನ ಆ ಒಂದು ಗುರುತು ಸುಣ್ಣ ಒಣಗಿದಂತೆ ತಿರುಗಿ ಮೂಡಿತು. ಎರಡನೆಯ ಸಲ ಬಳಿಸಿದೆ, ಮತ್ತೆ ಮೂಡಿತು. ಸುಣ್ಣ ಮಸಿಯನ್ನು ಹೀರಿ ಮೇಲೆ ತರುವುದುಂಟು ಎಂದು ಬಳಿಯಲು ಬಂದ ಗೌಂಡಿ ಹೇಳಿದ. ಇರಬಹುದು. ಮೂರನೆಯ ಸಲ ಬಳಿಸುವ ಧೈರ್ಯ ಆಗಲಿಲ್ಲ, ಅದರ ಮುಂದೆ ಕಾಗದದ ಪೆಟ್ಟಿಗೆಯನ್ನು ಸರಿಸಿಟ್ಟು ಕುಳಿತೆ. ಹಾಗೆ ಕುಳಿತೇ ಮುದುಕನಾದೆ.

ಹೋದ ವರ್ಷದ ಪಂಚಮಿಗೂ ಅವಳು ತಾಟು ಹಿಡಿದು ಬಂದಳು. ಅವಳಿಗೂ ಕೂದಲು ಬೆಳ್ಳಗಾಗಿವೆ. ಅಂದು ಹಣೆಯ ಮೇಲೆ ಕುಂಕುಮವಿರಲಿಲ್ಲ, ಬರೀ ವಿಭೂತಿ ಇತ್ತು. ಎಂಟು ದಿನದ ಹಿಂದೆ ರಾಮದುರ್ಗದಿಂದ ಗಂಡ ತೀರಿಕೊಂಡ ಸುದ್ದಿ ಬಂದಿತ್ತು. ನಮ್ಮ ಕಟ್ಟೆಯ ಮೇಲೆ ಕುಳಿತು, ತಾಟನ್ನು ನಡುವೆ ಇಟ್ಟಳು.

"ಅಣ್ಣಾರ, ನೀವು ಬರದ ಅರ್ಜೀದು ನಕಲ ಇಟ್ಟಿರತಿದ್ರಿ. ನಂದು ಐತೇನು?"

"ಯಾಕವಾ?"

"ಒಮ್ಮೆ ಓದ್ರಿ. ನಾ ಏನೋ ತಪ್ಪ ಹೇಳಿಸಿರಬೇಕು. ಇಷ್ಟ ವರ್ಷ ಅದನ್ನ ವಿಚಾರ ಮಾಡಾಕ ಹತ್ತೇನಿ. ಕೆಟ್ಟ ಮನಷ್ಯಾ ಆಗಿರಲಿಲ್ಲ ಅವರು. ನನ್ನ ಮಾತಿನಾಗ ಏನೋ ಇತ್ತು, ಅದಕ್ಕ ಬರಲಿಲ್ಲ."

ಆ ನಕಲು ಟ್ರಂಕಿನಲ್ಲಿ ನೋಟ್‌ಬುಕ್ಕಿನ ಒಳಗೇ ಇತ್ತು. ಹೋಗಿ ತೆಗೆದುಕೊಂಡು ಬಂದೆ. ಮೊದಲಿನ ಹಾಗೆ ಮುಖದ ಮುಂದೆ ಹಿಡಿದವನು ಕೆಳಗಿಳಿಸಿ ತೊಡೆಯ ಮೇಲಿಟ್ಟುಕೊಂಡೆ. ಈ ಸಲ ಬರೆದದ್ದನ್ನೇ ಓದಿದೆ. ಮೊದಲು ಇಂಗ್ಲಿಷ್, ಆಮೇಲೆ ಅದರ ಕನ್ನಡ, ಸಾಲು ಸಾಲಾಗಿ. ಆ ಪದ ಬಂದಾಗ ಅವಳು ಕೈ ಎತ್ತಿ ನಿಲ್ಲಿಸಿದಳು.

"ಅದನ್ನ ಇನ್ನೊಮ್ಮೆ ಅನ್ರಿ."

"ಅಬಾರ್."

"ಹೇಸತಾಳ ಅಂತೇನು?"

"ಹೌದವಾ. ನೀ ಅಂದದ್ದಲ್ಲ ಅದು. ನಾ ಬರದದ್ದು. ನಿನ್ನ ಮುಂದ ಬ್ಯಾರೆ ಓದಿದೆ."

"ಇಷ್ಟ ಗಿಡ್ಡ ಮಾತು," ಎಂದಳು.

ಅಷ್ಟಕ್ಕೇ ನಿಲ್ಲಿಸಬಹುದಿತ್ತು. ನಿಲ್ಲಿಸಿದರೆ ಅರ್ಧ ಹೇಳಿ ಅರ್ಧ ಬಚ್ಚಿಟ್ಟಂತೆ, ಮತ್ತೆ ಅದೇ ಕೆಲಸ. ಅವನು ಬಂದದ್ದು, ಚೀಟಿ ಇಟ್ಟದ್ದು, ಕೇಳಿದ್ದು, ನಾನು ಕೊಟ್ಟ ಉತ್ತರ, ಎಲ್ಲವನ್ನೂ ಹೇಳಿದೆ. ತಲೆ ಎತ್ತದೆ ಹೇಳಿದೆ. ಅವಳು ನನ್ನನ್ನು ಬೈಯುತ್ತಾಳೆ, ಶಾಪ ಹಾಕುತ್ತಾಳೆ ಎಂದು ಕಾದೆ. ನಮ್ಮ ಕಡೆಯ ಹೆಂಗಸರಿಗೆ ಬೈಗುಳಕ್ಕೆ ಬಡತನವಿಲ್ಲ.

"ಬಂದಿದ್ರಾ?" ಎಂದಳು.

"ಬಂದಿದ್ರು."

"ಇಲ್ಲಿ ತನಕಾ?"

"ಕಚೇರಿ ಮುಂದಿನ ಬೇವಿನ ಗಿಡದ ತನಕ."

"ನಡಕೋತ ಬಂದಿದ್ರೇನು, ಚಕ್ಕಡಿ ತಂದಿದ್ರೇನು?"

"ಚಕ್ಕಡಿ."

"ಕಮಾನ ಇತ್ತೇನು?"

"ಇತ್ತು."

"ಒಳಗ ಏನರ ಹಾಸಿದ್ರೇನು?"

ಇಲ್ಲ ಎಂದರೆ ಅವಳಿಗೆ ನೋವು ಕಡಿಮೆಯಾದೀತು ಎನಿಸಿತು. ಅವಳ ಮುಂದೆ ಇನ್ನೊಂದು ಸುಳ್ಳು ಬಾಯಿಗೆ ಬರಲಿಲ್ಲ.

"ಕೌದಿ ಹಾಸಿದ್ರು. ಕೆಂಪು, ಹಸಿರು. ಹೊಸದು."

ಅವಳು ತನ್ನ ಕೈಗಳನ್ನು ನೋಡಿಕೊಂಡಳು, ಹಿಂದೆ ಮುಂದೆ ತಿರುವಿ. "ಅದು ನಾ ಹೊಲದದ್ದು," ಎಂದಳು. "ಆಷಾಢದಾಗ ಕೂತು ಹೊಲದಿದ್ದೆ. ಪಂಚಮಿಗೆ ಹೋಗಿ ಬಂದು ಅಂಚ ಕಟ್ಟಿದ್ರ ಆತು ಅಂತ ಬಿಟ್ಟು ಬಂದಿದ್ದೆ." ಆಮೇಲೆ ನನ್ನ ಕಡೆ ನೋಡಿದಳು. "ಅಂಚ ಕಟ್ಟಿತ್ತೇನು?"

"ಅದನ್ನ ನಾ ನೋಡಲಿಲ್ಲವಾ."

"ಯಾರು ಕಟ್ಟತಾರ ಅಲ್ಲಿ," ಎಂದು ತನಗೇ ಹೇಳಿಕೊಂಡಳು. "ಬರೇ ಹಂಗ ಹಾಸಿರಬೇಕು."

ಗೋಡೆ ಹಿಡಿದು ಎದ್ದಳು. ಹೋಗುವಾಗ ಬರತೇನಿ ಎನ್ನಲಿಲ್ಲ. ಗಾಣದ ತಿರುವಿನಲ್ಲಿ ಮನೆಯ ಕಡೆ ಹೊರಳದೆ, ಕಚೇರಿಯ ದಾರಿ ಹಿಡಿದಳು. ನಾನು ಕಟ್ಟೆಯ ಅಂಚಿಗೆ ಸರಿದು ನೋಡಿದೆ. ಬೇವಿನ ಗಿಡದ ಕೆಳಗೆ, ಚಕ್ಕಡಿಗಳು ನಿಲ್ಲುವ ಜಾಗದಲ್ಲಿ ನಿಂತಿದ್ದಳು.

ಈ ವರ್ಷದ ಪಂಚಮಿಗೆ ಅವಳು ಬರಲಿಲ್ಲ. ಅವಳ ತಾಟು ನನ್ನಲ್ಲೇ ಉಳಿದಿದೆ. ತೊಳೆದಿಟ್ಟಿದ್ದೇನೆ, ಕೊಟ್ಟು ಬರಬೇಕು. ಎರಡು ಸಲ ಗಾಣದ ತನಕ ಹೋಗಿ ತಿರುಗಿ ಬಂದಿದ್ದೇನೆ.